ಒಣಗಿದರೆ ಮಾಯವಾಗುವ ಮನೆ

ಬೀದಿಯವರೆಲ್ಲ ಅವಳನ್ನು ಮಬ್ಬಕ್ಕ ಎನ್ನುತ್ತಿದ್ದರು. ಹೂವು, ಹಕ್ಕಿ ಬರೆದು ನಾಲ್ಕು ಜನರಿಂದ ಭೇಷ್ ಅನ್ನಿಸಿಕೊಳ್ಳುವುದು ಬಿಟ್ಟು ಜನ್ಮವಿಡೀ ಮಂಜನ್ನೇ ಬರೆದವಳು. ಒಲೆಯ ಮಸಿ, ಹೊಳೆದಂಡೆಯ ಮಣ್ಣು, ಸೀಮೆಸುಣ್ಣದ ಪುಡಿ, ಒಂದಿಷ್ಟು ಅಂಟು, ಅವಳ ಬಣ್ಣವೆಂದರೆ ಇಷ್ಟೇ. ನಾನು ಚಿತ್ರಗಳಿಗೆ ಚೌಕಟ್ಟು ಹಾಕುವವನು. “ನಿನ್ನ ಚಿತ್ರಕ್ಕಿಂತ ನನ್ನ ಚೌಕಟ್ಟೇ ಚೆನ್ನಾಗಿ ಕಾಣುತ್ತೆ ಕಣಕ್ಕ” ಎಂದು ರೇಗಿಸಿದರೆ, “ನಿನ್ನ ಕಣ್ಣಿನ ಯೋಗ್ಯತೆ ಅಷ್ಟೇ ಬಿಡು” ಎನ್ನುತ್ತಿದ್ದಳು.

ಜೊತೆಗಿದ್ದವನು ಅವಳ ಅಣ್ಣ. ಬಸ್ ಓಡಿಸುತ್ತಿದ್ದವನು ದಾರಿಗಳನ್ನೇ ಮರೆಯತೊಡಗಿ ಮನೆಯಲ್ಲಿ ಕುಳಿತಿದ್ದ. ಸಂಜೆಯಾದರೆ “ನಮ್ಮನೆಗೆ ಹೋಗೋಣ” ಎಂದು ಒಂದೇ ಹಟ. ಅವನು ಕೇಳುತ್ತಿದ್ದದ್ದು ಇಬ್ಬರೂ ಹುಟ್ಟಿದ ಮನೆ. ಅದು ಬಿದ್ದುಹೋಗಿ ಎಷ್ಟೋ ಕಾಲವಾಗಿತ್ತು.

ಆ ಮನೆಯನ್ನೇ ಅವಳು ದೊಡ್ಡ ಬಟ್ಟೆಯ ಮೇಲೆ ಅಂಟು ಬೆರೆಸಿದ ಮಸಿಯಲ್ಲಿ ಬರೆದು, ಮೇಲೆ ಸೀಮೆಸುಣ್ಣದ ನೀರು ಬಳಿಯುತ್ತ ಮಂಜು ಇಳಿಸುತ್ತಿದ್ದಳು. ಹೆಸರಾದ ಗ್ಯಾಲರಿಯೊಂದು ಕೊನೆಗೂ ಅವಳನ್ನು ಕರೆದಿತ್ತು, ಈ ಚಿತ್ರ ಅಲ್ಲಿಗೆಂದೇ. ಸುಣ್ಣದ ನೀರು ಹಸಿಯಿದ್ದಾಗ ಕಣ್ಣಿಗೆ ಬೀಳದು. ಒಣಗುತ್ತ ಬೆಳ್ಳಗಾಗಿ ಹಿಂದಿನದನ್ನೆಲ್ಲ ನುಂಗುತ್ತದೆ.

ಅಣ್ಣನ ಕಣ್ಣೆದುರೇ ಮನೆ ಮರೆಯಾಯಿತು. “ಪುಟ್ಟೀ, ನಮ್ಮನೆ ಎಲ್ಲೋಯ್ತೇ?” ಎಂದು ಮಗುವಿನ ಹಾಗೆ ಅತ್ತ. ಅವಳು ಚಿತ್ರದ ಮೇಲೆ ಒದ್ದೆ ಬಟ್ಟೆ ಒತ್ತಿದಳು. ಬಾಗಿಲು, ಕಿಟಕಿ ಮೆಲ್ಲಗೆ ಮೂಡಿದವು. “ಆ ಕಿಟಕೀಲಿ ಹಾರಿ ಕಾಲು ಮುರ್ಕೊಂಡೆಯಲ್ಲ, ಕೋತಿ!” ಎಂದು ಬಿದ್ದು ಬಿದ್ದು ನಕ್ಕ. ಒಣಗಿತು, ಮತ್ತೆ ಅಳು. ಅವಳು ಮತ್ತೆ ಒದ್ದೆ ಮಾಡಿದಳು. ಹಾಗೆ ಮಾಡಿದಾಗಲೆಲ್ಲ ಕಷ್ಟಪಟ್ಟು ಇಳಿಸಿದ ಮಂಜು ಕರಗಿ ನೆಲಕ್ಕೆ ಸುರಿಯುತ್ತಿತ್ತು.

ಅಳತೆ ತೆಗೆಯಲು ಹೋದ ನನಗೆ ಮೈಯೆಲ್ಲ ಉರಿದುಹೋಯಿತು. “ಇದೇ ಮನೇನ ಮಂಜಿಲ್ಲದೆ ಇನ್ನೊಂದು ಬರೆದು ಅವನ ಕೈಗೆ ಕೊಡಬಾರದಾ?”

“ಕೊಟ್ಟೆ. ಇದು ಸುಳ್ಳು ಮನೆ ಅಂತ ಎಸೆದ. ಮಂಜಿನೊಳಗಿಂದ ಬಂದ್ರೇ ನಂಬೋದು.”

“ಗ್ಯಾಲರಿಯವರು ಕಾಯ್ತಾರಾ?”

“ಇಲ್ಲ. ಇವನು ಕಾಯ್ತಾನಾ, ಹೇಳು?”

ನಾನು ಅಳತೆಯ ಪಟ್ಟಿ ಸುತ್ತಿ ಜೇಬಿಗೆ ಹಾಕಿಕೊಂಡೆ. ಗ್ಯಾಲರಿಯ ಗೋಡೆಯಲ್ಲಿ ಇನ್ಯಾರದೋ ಚಿತ್ರ ತೂಗಿತು. ನನಗಾದ ಸಂಕಟ ಅಷ್ಟಿಷ್ಟಲ್ಲ. ಅವಳು ಮಾತ್ರ ಒದ್ದೆ ಬಟ್ಟೆ ಹಿಡಿದು ಅವನ ಪಕ್ಕದಲ್ಲೇ ಇದ್ದಳು.

ಬರಬರುತ್ತ ಅವನು ಮನೆಯನ್ನು ಕೇಳುವುದನ್ನೇ ಬಿಟ್ಟ. ಅದು ಅವಳಿಗೆ ಅಳುವಿಗಿಂತ ಹೆಚ್ಚು ಭಯ ತಂದಿತು. ಒಂದು ಸಂಜೆ ನಾನು ಹೋದಾಗ ಸುಣ್ಣವನ್ನೆಲ್ಲ ತೊಳೆದುಬಿಟ್ಟಿದ್ದಳು. ಒಂದೆಳೆ ಮಂಜೂ ಇಲ್ಲದೆ ಮನೆ ಎದುರಿಗೆ ನಿಂತಿತ್ತು.

“ನೋಡಣ್ಣ, ಇನ್ನು ಎಲ್ಲೂ ಹೋಗಲ್ಲ. ನಮ್ಮನೆ.”

ಅವನು ಬಹಳ ಹೊತ್ತು ನೋಡಿದ. ಆಮೇಲೆ ಅವಳ ಕಡೆ ತಿರುಗಿ ಮರ್ಯಾದೆಯಿಂದ ನಕ್ಕ.

“ನಿಮ್ಮನೇನಾ? ಚೆನ್ನಾಗಿದೆ. ಹಾಗಾದ್ರೆ ಬೇಗ ಹೊರಡಿ ತಾಯಿ, ಕತ್ತಲಾಗ್ತಿದೆ. ಮನೇಲಿ ಕಾಯ್ತಿರ್ತಾರೆ.”

“ಹ್ಞೂ, ಹೊರಟೆ” ಎಂದು ಅವಳು ಅವನ ಪಕ್ಕದಲ್ಲಿ ಕುಳಿತಳು.