ಪ್ಲಾಸ್ಟಿಕ್ ಎಲೆಗಳ ಕುಣಿತ

ತೊಂಬತ್ತರ ದಶಕದಲ್ಲಿ ನಾನು ಪುಣೆ ನಗರದ ಕೋಥರೂಡದ ಮನೆಯಿಂದ ವಾರಕ್ಕೆರಡು ಸಲ ಬಸ್ಸು ಹಿಡಿದು, ಅದೇ ಜಿಲ್ಲೆಯ ಗುಡ್ಡಗಳ ನಡುವಿನ ಆದಿವಾಸಿ ಮಕ್ಕಳ ವಸತಿ ಪ್ರೌಢಶಾಲೆಗೆ ಹೋಗಿ ಹತ್ತನೆಯ ತರಗತಿಯವರಿಗೆ ಗಣಿತ ಹೇಳಿಕೊಡುತ್ತಿದ್ದೆ. ಒಂದು ವರ್ಷ ಪರೀಕ್ಷೆ ಹತ್ತಿರ ಬಂದಾಗಲೇ ದಾನಿಗಳು ಬರುತ್ತಾರೆಂಬ ಸುದ್ದಿಯೂ ಬಂತು. ನನ್ನ ತರಗತಿಗಳು ರದ್ದಾದವು. ಆದಿವಾಸಿ ಮಕ್ಕಳಿಗೆ ಆದಿವಾಸಿ ಕುಣಿತ ಕಲಿಸಲು ಪುಣೆಯ ಹಳೆಯ ಬಡಾವಣೆ ಸದಾಶಿವ ಪೇಠದಿಂದ ಡಾನ್ಸ್ ಮಾಸ್ತರನೊಬ್ಬ ಬಂದ. ಸುತ್ತಲೂ ಕಾಡಿದ್ದರೂ ಸೊಂಟಕ್ಕೆ ಕಟ್ಟುವ ಎಲೆಗಳನ್ನು ಪೇಟೆಯಿಂದಲೇ ತಂದ, ಪ್ಲಾಸ್ಟಿಕ್ಕಿನವು.

ಬೀಜಗಣಿತ ಆಗಷ್ಟೇ ತಲೆಗೆ ಹತ್ತತೊಡಗಿದ್ದ ಹುಡುಗಿಯೊಬ್ಬಳನ್ನು ಮುಂದಿನ ಸಾಲಿನಲ್ಲಿ ನಿಲ್ಲಿಸಿದರು. ನಮ್ಮ ಊರಲ್ಲಿ ಯಾರೂ ಹೀಗೆ ಕುಣಿಯುವುದಿಲ್ಲ ಎಂದು ಅವಳು ಮರಾಠಿಯಲ್ಲಿ ಹೇಳಿಯೇ ಹೇಳಿದಳು. ಕೇಳುವವರು ಯಾರು?

ಕುಣಿತದ ದಿನ ಬಂದ ದಾನಿಗಳಲ್ಲಿ ಕಲಬುರ್ಗಿ ಕಡೆಯ ವ್ಯಾಪಾರಿಯೊಬ್ಬರಿದ್ದರು. ನಾನು ಕನ್ನಡದವಳೆಂದು ತಿಳಿದು ಹತ್ತಿರ ಬಂದರು.

"ಭಾಳ ಛಲೋ ಕುಣಿತಾವ್ರಿ ಬಾಯಾರ. ರಕ್ತದಾಗ ಅದ ಇವಕ್ಕ."

"ರಕ್ತದಾಗ ಅಲ್ರಿ, ಪೇಠದ ಮಾಸ್ತರ ಕಲಿಸಿದ್ದು. ಅದೂ ನನ್ನ ಗಣಿತದ ತಾಸಿನ್ಯಾಗ."

ಅವರು ನಕ್ಕರು. "ಇವು ಗಣಿತ ತಗೊಂಡು ಏನ್ ಮಾಡೋದದ್ರಿ?"



ಆ ಹುಡುಗಿ ಗಣಿತವೊಂದರಲ್ಲೇ ನಪಾಸಾದಳು. ಮರುಪರೀಕ್ಷೆಯ ತನಕ ಹಾಸ್ಟೆಲಿನಲ್ಲಿ ಇಟ್ಟುಕೊಳ್ಳಿ, ನಾನು ಓದಿಸುತ್ತೇನೆ ಎಂದು ಮುಖ್ಯಾಧ್ಯಾಪಕರನ್ನು ಬೇಡಿಕೊಂಡೆ. ನಪಾಸಾದವರಿಗೆ ಜಾಗವಿಲ್ಲ ಎಂದರು. ಅವಳು ಹಳ್ಳಿಗೆ ಹೋದಳು.

ಮರುವರ್ಷ ಮತ್ತೆ ದಾನಿಗಳು ಬರುವುದೆಂದಾಯಿತು. ಅವಳನ್ನು ಕರೆತರಲು ಶಾಲೆಯ ಜೀಪು ಹಳ್ಳಿಗೆ ಹೋಯಿತು. ಕುಣಿತ ಮುಗಿಯುವ ತನಕ ಹಾಸ್ಟೆಲಿನಲ್ಲಿ ಅವಳಿಗೆ ಜಾಗವಿತ್ತು.