ಅಭ್ಯಾಸದ ಅಹವಾಲು

ನನ್ನ ಅಕ್ಕನ ಮಗಳಿಗೆ ಮನೆಯಲ್ಲಿ ಬುಗುರಿ ಎಂದೇ ಹೆಸರು. ಊಟಕ್ಕೆ ಕೂತರೂ ಒಂದು ಕಾಲು ಬಾಗಿಲ ಕಡೆಗಿರುತ್ತದೆ. ಅಕ್ಕ ತೀರಿಕೊಂಡ ಮೇಲೆ ನನ್ನ ಬಳಿಯೇ ಬೆಳೆದವಳು. ಕೆಲವು ವರ್ಷ ಔಷಧದ ಅಂಗಡಿಯಲ್ಲಿ ದುಡಿದು, ನೆಂಟರೆಲ್ಲ ಇನ್ನೇನು ಮದುವೆ ಎನ್ನುತ್ತಿರುವಾಗ, ವಿಶ್ವವಿದ್ಯಾಲಯದ ಸಾರ್ವಜನಿಕ ಸೇವೆಯ ತರಬೇತಿಗೆ ಸೇರಿಬಿಟ್ಟಳು.

"ಚಿಕ್ಕಮ್ಮಾ, ಅಲ್ಲಿ ಓದು ಕಡಿಮೆ, ಓಡಾಟ ಜಾಸ್ತಿ. ನನಗೇ ಹೇಳಿ ಮಾಡಿಸಿದ ಹಾಗಿದೆ."

ಅಲ್ಲೊಂದು ಪದ್ಧತಿಯಿದೆ. ವಿದ್ಯಾರ್ಥಿಗಳು ಅಧಿಕಾರಿಗಳಂತೆ ಮೇಜಿನ ಹಿಂದೆ ಕೂತು ಅಹವಾಲು ಕೇಳುವುದು. ಜೊತೆಯವರೇ ದೂರು ಹೇಳುವವರಾಗಿ ನಟಿಸುವುದು. ಈ ಸಲ ಮೇಷ್ಟ್ರು, ನಟನೆ ಸಾಕು, ಪಕ್ಕದ ಓಣಿಯವರನ್ನೇ ಕರೆಸಿ ಅಭ್ಯಾಸ ಮಾಡೋಣ ಎಂದರಂತೆ. ಕರೆಯಲು ಹೋದ ಜವಾನ ಅಭ್ಯಾಸದ ಮಾತೇ ಎತ್ತಲಿಲ್ಲ. "ದೂರು ಕೇಳ್ತಾರೆ, ಬನ್ನಿ" ಎಂದಷ್ಟೇ ಹೇಳಿ ಬಂದ.

ಓಣಿಯವರು ಬಂದರು. ಹೊಲಿಗೆಯ ಹೆಂಗಸೊಬ್ಬಳು, ನಲ್ಲಿ ಒಣಗಿದೆ, ಹಾಸಿಗೆ ಹಿಡಿದ ಅತ್ತೆಯ ಬಟ್ಟೆ ಒಗೆಯಲೂ ನೀರಿಲ್ಲ ಎನ್ನುತ್ತಾ ಅತ್ತುಬಿಟ್ಟಳು. ಬುಗುರಿ ಎದ್ದು ಬಂದು ಅವಳ ಕೈ ಹಿಡಿದು, ಅಧಿಕಾರಿಯ ಧಾಟಿಯಲ್ಲೇ ಹೇಳಿದಳು: "ನಾಳೆ ಬೆಳಿಗ್ಗೆ ಇಲ್ಲಿಗೇ ಬನ್ನಿ ಅಕ್ಕಾ. ನೀರು ಬಿಡಿಸಿಕೊಡ್ತೀನಿ."

ಅವರು ಹೋದ ಮೇಲೆ ಮೇಷ್ಟ್ರು ಬುಗುರಿಯ ಬೆನ್ನು ತಟ್ಟಿದರು. ಆಗ ಜವಾನ ಹೇಳಿದ: "ಇದು ಪಾಠ ಅಂತ ಅವ್ರಿಗೆ ಗೊತ್ತೇ ಇಲ್ಲ, ಮೇಡಂ."

ಸಂಜೆ ನಿಜ ಹೇಳಿಬಿಡಲೆಂದು ಬುಗುರಿ ಓಣಿಯ ತಿರುವಿನವರೆಗೂ ಹೋಗಿ ಹಾಗೇ ಹಿಂದಿರುಗಿದಳು. "ಕೊಡ ತೊಳೆದು ನಲ್ಲಿ ಹತ್ರ ಸಾಲಾಗಿ ಇಟ್ಟಿದ್ದಾರೆ ಚಿಕ್ಕಮ್ಮಾ. ಬಾಯೇ ಬರ್ಲಿಲ್ಲ. ನಾಳೆ ಅದೇ ಹೊತ್ತಿಗೆ ನನ್ನ ಕೊನೇ ಮೌಖಿಕ ಪರೀಕ್ಷೆ ಬೇರೆ."

"ಜವಾನನ ಕೈಲಿ ಹೇಳಿ ಕಳಿಸು."

"ಅವನು ಹೇಳಿದ್ದಕ್ಕೇ ಈ ಪಾಡು!"

ನಾನು ದೇವರ ಮುಂದೆ ಕೂತೆ. ಏನು ಕೇಳಿಕೊಳ್ಳಬೇಕೆಂದು ತೋಚದೆ, ಅಡುಗೆಮನೆಗೂ ಬಾಗಿಲಿಗೂ ಅಲೆಯುವ ಅವಳ ಹೆಜ್ಜೆಗಳನ್ನೇ ಕೇಳುತ್ತಿದ್ದೆ.

ಬೆಳಿಗ್ಗೆ ಅವಳ ಜೊತೆ ಹೋದೆ. ವಿಶ್ವವಿದ್ಯಾಲಯದ ಮೆಟ್ಟಿಲ ಕೆಳಗೆ ಓಣಿಯ ಹೆಂಗಸರು ನಿಂತಿದ್ದರು. ಬುಗುರಿ ಎರಡು ಮೆಟ್ಟಿಲು ಹತ್ತಿ ಅವರ ಕಡೆ ತಿರುಗಿದಳು.

"ನಾನು ಅಧಿಕಾರಿ ಅಲ್ಲ ಅಕ್ಕಾ. ನಿನ್ನೆ ನಡೆದದ್ದು ನಮ್ಮ ಅಭ್ಯಾಸ."

ಹೊಲಿಗೆಯವಳು ಅವಳನ್ನೇ ನೋಡಿದಳು. "ಓಹೋ. ನೀವು ಅಭ್ಯಾಸ ಮಾಡಿದ್ರಿ, ನಾವು ನಿಜವಾಗಿ ಅತ್ವಿ."

ಹಿಂದಿದ್ದ ಅಜ್ಜಿ ಗದರಿದಳು: "ನಿನ್ನೆ ಹಲ್ಲಿಲ್ಲದ ನನ್ನ ಬಾಯಲ್ಲಿ ಎಲ್ಲಾನೂ ಎರಡೆರಡು ಸಲ ಹೇಳಿಸಿದ್ಯಲ್ಲೇ! ನಡಿ ಈಗ ನೀರಿನ ಕಚೇರಿಗೆ. ಅಲ್ಲಿ ನೀನು ಹೇಳು."

ಒಳಗಿನಿಂದ ಜವಾನ ಕೂಗಿದ. ಪರೀಕ್ಷೆಗೆ ಅವಳದೇ ಸರದಿ. ಬುಗುರಿ ಬಾಗಿಲ ಕಡೆ ನೋಡಿದಳು, ನನ್ನ ಕಡೆ ನೋಡಿದಳು. ಅವಳು ಮೆಟ್ಟಿಲಿಳಿದಳು.

ಈಗ ಓಣಿಯಲ್ಲಿ ಕೊಳವೆಗಾಗಿ ನೆಲ ಅಗೆದಿದ್ದಾರೆ. ನೀರು ಇನ್ನೂ ಬಂದಿಲ್ಲ. ಇವಳು ಬೆಳಿಗ್ಗೆ ಆ ಗುಂಡಿಯ ಬಳಿ, ಮಧ್ಯಾಹ್ನ ಮತ್ತೊಂದು ಪರೀಕ್ಷೆ ಬೇಡಿ ಮೇಷ್ಟ್ರ ಬಾಗಿಲಲ್ಲಿ. ನಿನ್ನೆ ಗುಂಡಿಯ ಸುತ್ತ ಸುತ್ತುತ್ತಿದ್ದವಳನ್ನು ಹೊಲಿಗೆಯವಳು ತೋಳು ಹಿಡಿದು ನಿಲ್ಲಿಸಿದಳು.

"ಒಂದ್ಕಡೆ ನಿಂತ್ಕೊಳ್ಳೇ ತಾಯಿ. ಬಿದ್ರೆ ನಿನ್ ಪರವಾಗಿ ಅಹವಾಲು ಹೇಳೋಕೆ ನಾನೇ ಹೋಗ್ಬೇಕು."