ಅತ್ತೆಯ ಅಂಗೈ ನಿಂತ ಗಳಿಗೆ

ಅಗ್ರಹಾರ ಬಡಾವಣೆಯ ನಮ್ಮ ಮನೆಯ ದೇವರ ಕೋಣೆಗೆ ಹೆಂಚಿನ ನಡುವಿನ ಗಾಜಿನಿಂದ ಮಾತ್ರ ಬೆಳಕು. ಆ ಬೆಳಕಿನಡಿ ಅತ್ತೆ ದಿನವೂ ಎಡ ಅಂಗೈಯಲ್ಲಿ ಇಷ್ಟಲಿಂಗ ಇಟ್ಟುಕೊಂಡು, ರೆಪ್ಪೆ ಬಡಿಯದೆ ನೋಡುತ್ತ ಕೂರುತ್ತಿದ್ದರು. ಪೂಜೆ ಮುಗಿಯದೆ ಬಾಯಿಗೆ ಏನೂ ಹಾಕಿದವರಲ್ಲ. ಎರಡು ಸಾವಿರದ ಇಸವಿ ಕಳೆದ ಮೇಲೆ ಆ ಕೈಗೆ ನಡುಕ ಬಂತು. ಪಾರ್ಕಿನ್ಸನ್ ಎಂದರು ಡಾಕ್ಟರು. ಲಿಂಗ ಜಾರಿ ಬಿದ್ದೀತೆಂಬ ಭಯ ಅತ್ತೆಗೆ ಕಾಯಿಲೆಗಿಂತ ದೊಡ್ಡದಾಯಿತು.

ಬಿ.ಎಸ್ಸಿ. ಓದುತ್ತಿದ್ದ ನನ್ನ ಮಗಳು ಒಂದು ಸಂಜೆ ಬಿಡಿಸಿ ಹೇಳಿದಳು. "ಅಜ್ಜಿ, ಮೈಯ ಒಂದೊಂದು ಜೀವಕೋಶದಲ್ಲೂ ಪುಟ್ಟ ಒಲೆಗಳಿವೆ, ಮೈಟೊಕಾಂಡ್ರಿಯ ಅಂತ. ಅವು ಉರಿದ್ರೇನೇ ಶಕ್ತಿ. ಅವನ್ನ ಕಾಯೋಕೆ ಒಂದು ಪ್ರೋಟೀನ್ ಇದೆ, ಕೆಟ್ಟ ಒಲೆ ಹುಡುಕಿ ತೆಗೆಸುತ್ತೆ. ಅದು ಕೈಕೊಟ್ರೆ ಮಿದುಳಿನ ಕೋಶಗಳು ಸಾಯುತ್ವೆ. ಕೆಲವರಿಗೆ ಈ ಕಾಯಿಲೆ ಬರೋದು ಹಿಂಗೇನಂತೆ."

"ಕಾವಲಿನೋನು ಮಲಗ್ಬುಟ್ಟ ಅನ್ನು," ಎಂದರು ಅತ್ತೆ.

ಮಾರನೆಯ ಮಧ್ಯಾಹ್ನದ ಜೋಂಪಿನಲ್ಲಿ ನನಗೆ ಅತ್ತೆಯ ಮೈತುಂಬ ಹಣತೆಗಳು ಕಂಡವು. ಯಾರೋ ಒಬ್ಬರು ಒಂದೊಂದಕ್ಕೂ ಅಂಗೈ ಮರೆ ಹಿಡಿಯುತ್ತ, ಸದ್ದಿಲ್ಲದೆ ನಡೆಯುತ್ತಿದ್ದರು. ಮುಖ ಕಾಣಲಿಲ್ಲ. ಶಿವನೇ ಇರಬೇಕು ಅಂದುಕೊಂಡೆ.

ಎದ್ದಾಗ ಅತ್ತೆ ಅಡುಗೆಮನೆ ಬಾಗಿಲಲ್ಲಿ ನಿಂತಿದ್ದರು. "ಪ್ರೋಟೀನು ಬೇಳೇಲಿ ತಾನೆ ಇರೋದು? ಹೆಸರುಬೇಳೆ ಬೇಯ್ಸಮ್ಮ. ಕಾವಲಿನೋನಿಗೂ ಹೊಟ್ಟೆ ತುಂಬ್ಲಿ."

ಅಂದಿನಿಂದ ಪೂಜೆಯಾದೊಡನೆ ಬಟ್ಟಲು ತುಂಬ ಬೇಳೆ, ಅದನ್ನು ತಿಂದ ಮೇಲೆ ಡಾಕ್ಟರು ಕೊಟ್ಟಿದ್ದ ಗುಳಿಗೆ. ನಡುಕ ಇಳಿಯುವ ಬದಲು ಏರಿತು. ಒಂದು ಬೆಳಿಗ್ಗೆ ಲಿಂಗ ಜಾರಿ ಅವರ ಮಡಿಲಿಗೇ ಬಿತ್ತು. ನೆಲಕ್ಕೆ ಬೀಳಲಿಲ್ಲ, ಅದೇ ದೇವರ ದಯೆ. ಆದರೂ ಅತ್ತೆ ಆ ದಿನ ಉಣ್ಣಲಿಲ್ಲ.

ಬೇಳೆಯ ಕತೆ ಕೇಳಿ ಡಾಕ್ಟರು ನಕ್ಕರು. "ಆ ಪ್ರೋಟೀನ್ ಜೀವಕೋಶ ತಾನೇ ಮಾಡ್ಕೋಬೇಕು ಕಣಮ್ಮ, ಬೇಳೆ ತಿಂದ್ರೆ ಬರಲ್ಲ. ಮೇಲಾಗಿ ಬೇಳೆ ಜೊತೆ ಗುಳಿಗೆ ಸರಿಯಾಗಿ ಮೈಗೆ ಹತ್ತಲ್ಲ. ಬೆಳಿಗ್ಗೆ ಎದ್ದ ಕೂಡ್ಲೆ ಬರೀ ಹೊಟ್ಟೇಲಿ ಕೊಡಿ, ಬೇಳೆ ರಾತ್ರಿಗಿರ್ಲಿ."

ಎದ್ದ ಕೂಡಲೆ ಎಂದರೆ ಪೂಜೆಗೆ ಮುಂಚೆ, ಅತ್ತೆ ಬಾಯಿಗೆ ಏನೂ ಹಾಕದ ಹೊತ್ತು. ಮನೆಗೆ ಬಂದು ಹೊಸಿಲು ದಾಟುವಾಗ ಅತ್ತೆ, "ಗುಳಿಗೆ ಏನು ಅನ್ನ ಅಲ್ಲ, ಬುಡು," ಎಂದರು.

ಮರುದಿನ ಗುಳಿಗೆ ನುಂಗಿ, ಸ್ನಾನ ಮಾಡಿ, ನಿಧಾನವಾಗಿ ಕೂತರು. ನಾನು ಅವರ ಕೈ ಕೆಳಗೆ ನನ್ನ ಕೈ ಒಡ್ಡಿದ್ದೆ. ಗಾಜಿನ ಬೆಳಕು ಲಿಂಗದ ಮೇಲೆ ಬಂದು ಕೂತಿತು, ಅತ್ತೆಯ ಕೈ ಅಲುಗಲಿಲ್ಲ. ಮಧ್ಯಾಹ್ನಕ್ಕೆ ನಡುಕ ಮರಳಿತು, ಮುಂದೆಯೂ ಮರಳುತ್ತಿತ್ತು. ಆದರೆ ಬೆಳಗಿನ ಅಷ್ಟು ಹೊತ್ತನ್ನು ಶಿವ ನಮಗೆ ಬಿಟ್ಟುಕೊಟ್ಟಿದ್ದ.

ಆ ಮೊದಲ ಬೆಳಿಗ್ಗೆ ಅತ್ತೆ ಲಿಂಗದಿಂದ ಕಣ್ಣು ಕದಲಿಸದೆ ಪಿಸುಗುಟ್ಟಿದ್ದರು: "ಕೈ ತೆಗಿಯಮ್ಮ. ಒಲೆ ಮೇಲೆ ಹಾಲು ಉಕ್ಕೀತು, ಹೋಗಿ ನೋಡು."